ನನ್ನ ತಿದಿಯೊಳಗೆ ಇಟ್ಟದ್ದು

ನಾನು ಒಂದು ಪೇಟಿ. ಹಾರ್ಮೋನಿಯಂ ಎಂದರೆ ಬೇಗ ತಿಳಿದೀತು. ಹುಟ್ಟಿದ್ದು ಮಿರಜದ ಸಣ್ಣ ಓಣಿಯಲ್ಲಿ. ತೇಗದ ಮೈ, ಹಿತ್ತಾಳೆಯ ಸ್ವರಗಳು, ಬೆನ್ನಿಗೆ ಗಾಳಿ ತುಂಬುವ ತಿದಿ. ನನ್ನನ್ನು ಕಟ್ಟಿದ ಇಸ್ಮಾಯಿಲ್ ಸಾಹೇಬರು ತಿದಿಯನ್ನು ಮೆಲ್ಲಗೆ ಒತ್ತಿ, "ಇದರೊಳಗ ಗಾಳಿ ಬಿಟ್ಟು ಬ್ಯಾರೆ ಏನೂ ಬರಬಾರದು" ಅಂದರು. ಅದನ್ನು ನಾನು ಆಶೀರ್ವಾದ ಅಂದುಕೊಂಡೆ.

ನನ್ನನ್ನು ಕೊಂಡವರು ಬಾಗಲಕೋಟೆ ಕಡೆಯ ಗುಂಡಾಚಾರ್ಯರು. ಭಜನಾ ಮೇಳದಲ್ಲಿ ಪೇಟಿ ಮಾಸ್ತರು. ಕೈಕಾಲು ತೊಳೆದು, ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಕೂರುತ್ತಿದ್ದರು. ತಮ್ಮ ಪಾಂಡು ಪಕ್ಕದಲ್ಲಿ ತಾಳ ಹಿಡಿದು, "ಅಣ್ಣಾ, ದೇವರಿಗಿಂತ ನಿನಗ ಪೇಟಿ ಮ್ಯಾಲೇ ಭಕ್ತಿ ಜಾಸ್ತಿ" ಎಂದು ನಗುತ್ತಿದ್ದ.

ಮೇಳದ ಮುಖ್ಯಸ್ಥ ಮುಕುಂದರಾಯರು ಭಜನೆಗೆಂದು ನಮ್ಮನ್ನು ಬ್ಯಾಂಕಾಕಿಗೆ ಕರೆದೊಯ್ದರು. ಪಾಂಡು ಊರಲ್ಲೇ ಉಳಿದಿದ್ದ. ಅಲ್ಲಿರುವಾಗಲೇ ಅವನು ತೀರಿಹೋದನೆಂದು ಫೋನು ಬಂತು. ಮಾಸ್ತರು ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟರು. ಸೂತಕ, ನನ್ನನ್ನು ಮುಟ್ಟುವಂತಿಲ್ಲ. ಮುಕುಂದರಾಯರು ತುಳಸಿಮಣಿ ಎಣಿಸುತ್ತಾ, "ನೀವು ದೂರ ಇರ್ರಿ ಮಾಸ್ತರ. ಮಡೀಲೆ ನಾನs ಕಟ್ಟಿ ಇಡ್ತೀನಿ" ಅಂದರು.

ಆಮೇಲೆ ಬಾಗಿಲು ಹಾಕಿಕೊಂಡು ಅವರು ನನ್ನ ಬೆನ್ನು ಬಿಚ್ಚಿದರು. ಹರಿನಾಮ ಹೇಳುತ್ತಲೇ ತಿದಿಯ ಮಡಿಕೆಗಳೊಳಗೆ ಮಾದಕ ಪುಡಿಯ ಪೊಟ್ಟಣಗಳನ್ನು ತುರುಕಿದರು. ನಾನು ಹೊಟ್ಟೆಯಿಲ್ಲದ ಜೀವ, ವಾಂತಿ ಮಾಡಲಾರೆ. ಆ ಘಾಟಿಗಿಂತ ಹೊಲಸೆನಿಸಿದ್ದು ಅದನ್ನು ತುಂಬಿದ ಬೆರಳುಗಳಲ್ಲಿದ್ದ ಗಂಧದ ವಾಸನೆ. ಮೇಲೆ ಮಡಿಬಟ್ಟೆ ಹೊದಿಸಿ, ಮಾಸ್ತರ ಹೆಸರಿನ ಚೀಟಿ ಅಂಟಿಸಿದರು.

ತಿರುಗಿ ಬಂದಾಗ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ತಿದಿ ಸೀಳಿದರು.

"ಯಾರದಿದು?"

"ನಂದs ರೀ" ಅಂದರು ಮಾಸ್ತರು.

ಆ ಒಂದು ನಿಜವೇ ಅವರ ಕೊರಳಿಗೆ ಬಿತ್ತು. ಕೋರ್ಟಿನಲ್ಲಿ ಮುಕುಂದರಾಯರು ಕಟಕಟೆ ಹತ್ತಿ, "ಕಡೇ ದಿನಾನೂ ಆಚಾರ್ಯರೇ ಬಾರಿಸಿದರು, ತಾವೇ ಕಟ್ಟಿಟ್ಟರು" ಎಂದು ದೇವರ ಮೇಲೆ ಪ್ರಮಾಣ ಮಾಡಿ ಹೇಳಿದರು. ಮಾಸ್ತರಿಗೆ ಹತ್ತು ವರ್ಷ ಜೈಲು.

ತೀರ್ಪಿನ ದಿನ ನಾನು ಜಪ್ತಿಯಾದ ಮುದ್ದೆಮಾಲಾಗಿ ಅಲ್ಲೇ ಮೇಜಿನ ಮೇಲಿದ್ದೆ. ಪಾಂಡುವಿನ ಹೆಂಡತಿ ವೇಣುಬಾಯಿ ಓಡಿಬಂದಳು.

"ಭಾವಾ, ಸೂತಕದಾಗ ಇದ್ದೆ, ಪೇಟಿ ಮುಟ್ಟಿಲ್ಲ ಅಂತ ಯಾಕ ಹೇಳಲಿಲ್ಲ?"

"ನಾ ಪಾರಾಗಲಿಕ್ಕೆ ಸತ್ತ ತಮ್ಮನ್ನ ಸಾಕ್ಷಿಗೆ ಎಳೀಲೇನು, ವೇಣೂ?"

"ಅವರು ಇದ್ದಿದ್ದರ ತಾವs ಓಡಿ ಬರ್ತಿದ್ದರು. ನೀವ್ಯಾಕ ತಡೀತೀರಿ?"

ಮಾಸ್ತರ ಕಣ್ಣು ತುಂಬಿತು. ಮೇಲ್ಮನವಿಗೆ ಅಂದೇ ಒಪ್ಪಿದರು.

ಮತ್ತೆ ಮುದ್ದೆಮಾಲಿನ ಕೋಣೆ. ಬದಿಗೆ ರಕ್ತ ಹತ್ತಿದ ಕುಡುಗೋಲು, ಮೇಲೆ ಇಲಿಗಳ ಓಡಾಟ. ಅವುಗಳ ನಡುವೆ ನಾನೇ ಹೆಚ್ಚು ಮೈಲಿಗೆಯೆಂದು ನನಗೆ ಅನಿಸುತ್ತಿತ್ತು.

ಹೈಕೋರ್ಟಿಗೆ ನನ್ನನ್ನೂ ಹೊತ್ತು ತಂದರು. ಮಾಸ್ತರ ಪರ ವಕೀಲೆ ಫರ್ಜಾನಾ, ಬ್ಯಾಂಕಾಕಿನ ಭಕ್ತರೊಬ್ಬರು ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೊ ಹಾಕಿಸಿದರು. ಕಡೆಯ ದಿನದ ಭಜನೆ. ಮಾಸ್ತರು ದೂರದ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದಾರೆ. ಮುಕುಂದರಾಯರು ಮೈಕು ಹಿಡಿದು ಹೇಳುತ್ತಿದ್ದಾರೆ: "ನಮ್ಮ ಮಾಸ್ತರಿಗೆ ಸೂತಕ, ಪೇಟಿ ಮುಟ್ಟುವಂತಿಲ್ಲ. ಅದನ್ನು ಮಡಿಯಿಂದ ನಾನೇ ಕಟ್ಟಿಟ್ಟಿದ್ದೇನೆ. ಇವತ್ತು ಬರೀ ತಾಳದ ಮೇಲೆ ಹಾಡೋಣ." ಸಭೆಯೆಲ್ಲ ಚಪ್ಪಾಳೆ ತಟ್ಟುತ್ತದೆ.

ಮುಕುಂದರಾಯರು ತಮ್ಮ ಆಚಾರ ಮೆರೆಸಲು ಆಡಿದ ಆ ಮಾತೇ ಮಾಸ್ತರನ್ನು ಬಿಡಿಸಿತು. ಶಿಕ್ಷೆ ರದ್ದಾಯಿತು, ನನ್ನನ್ನು ಒಡೆಯರಿಗೆ ಮರಳಿಸಲು ಆಜ್ಞೆಯಾಯಿತು. ಮುಕುಂದರಾಯರನ್ನು ಹಿಡಿಯಲು ಪೊಲೀಸರು ಹೊರಟರು.

ಊರಿಗೆ ಬಂದ ದಿನ ಹಿರಿಯರು ಅಂಗಳದಲ್ಲಿ ನೆರೆದು, "ಆಚಾರ್ಯರs, ಎಂಥೆಂಥಾ ಹೊಲಸು ತುಂಬಿದ್ದ ಪೇಟಿ. ಪುಣ್ಯಾಹ ಮಾಡಿಸಿ ಒಳಗ ತರ್ರಿ" ಅಂದರು.

ಮಾಸ್ತರು ನನ್ನ ಹೆಗಲು ಒರೆಸುತ್ತಾ, "ಪೇಟಿಗೆ ಬ್ಯಾಡ್ರಿ" ಅಂದರು. "ಮಾಡಿಸೋದಿದ್ದರ ಮುಕುಂದನ ನಾಲಿಗಿಗೆ ಮಾಡಸ್ರಿ."

ನನ್ನನ್ನು ಎತ್ತಿಕೊಂಡು ಹೊಸ್ತಿಲು ದಾಟಿದರು.

ಸೀಳಿದ ತಿದಿಗೆ ಅವರೇ ಚರ್ಮದ ತೇಪೆ ಹಚ್ಚಿದರು. ಈಗ ಪಡಸಾಲೆಯ ಮೂಲೆ ನನ್ನ ಜಾಗ. ತೇಪೆಯ ಸಂದಿನಲ್ಲಿ ಗಾಳಿ ಸೋರುತ್ತದೆ, ಸ್ವರ ಒಡೆದಿದೆ. ಇಂದಿಗೂ ಯಾರಾದರೂ ಗಂಧ ತೇಯ್ದರೆ ನನಗೆ ಹೇಸಿಗೆಯಾಗುತ್ತದೆ, ಭಗವಂತ ಕ್ಷಮಿಸಲಿ. ಆದರೆ ಸಂಜೆ ಮಾಸ್ತರು ಕೈಕಾಲು ತೊಳೆದು ಬಂದು ನನ್ನನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ವೇಣುಬಾಯಿ ಗಂಡನ ತಾಳ ಹಿಡಿದು ಪಕ್ಕದಲ್ಲಿ ಕೂರುತ್ತಾಳೆ. ತಿದಿ ಏಳುತ್ತದೆ. ಒಳಗೆ ಬರೀ ಗಾಳಿ.