ಕಳ್ಳಗಾಳಿ

ಮೇಸ್ತ್ರಿಯ ಅಳಿಯ ಮತ್ತೊಮ್ಮೆ ಕೀ ತಿರುಗಿಸಿದ. ಕಾರು ಗುರ್ರೆಂದು ಎದ್ದಿತು, ಎರಡು ಸಲ ಮೈ ನಡುಗಿಸಿತು, ಹಾಗೇ ತಣ್ಣಗಾಯಿತು.

"ಸ್ಟಾರ್ಟ್ ಆಗುತ್ತೆ, ಆದ್ರೆ ಉಳಿಯಲ್ಲ," ಎಂದು ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದ. ಕಣ್ಣಿದ್ದವರಿಗೆಲ್ಲ ಅದು ಆಗಲೇ ಕಂಡಿತ್ತು.

ಇಕ್ಕಟ್ಟಿನ ಅಂಗಳದ ಉದ್ದಕ್ಕೂ ಕಾರೇ ತುಂಬಿಕೊಂಡಿತ್ತು. ಪಕ್ಕದಲ್ಲಿ ಒಬ್ಬರು ಮೈ ಓರೆ ಮಾಡಿಕೊಂಡು ನುಸುಳಬಹುದೇ ಹೊರತು ಒಂದು ಹೆಣವನ್ನು ನಾಲ್ವರು ಹೊತ್ತು ದಾಟುವುದು ಆಗದ ಮಾತು. ತಳ್ಳೋಣವೆಂದರೆ ಹಿಂಭಾಗ ಗೋಡೆಗೆ ತಾಗಿದೆ, ನಿಲ್ಲಲು ಕಾಲಿಗೆ ಜಾಗವಿಲ್ಲ. ಗೇಟಿನಾಚೆ ಶವದ ವ್ಯಾನು ಕಾಯುತ್ತಿತ್ತು. ಮುಂದಿನ ಕೋಣೆಯಲ್ಲಿ ಮೇಸ್ತ್ರಿ ಮಲಗಿದ್ದರು. ಜೀವಮಾನವೆಲ್ಲ ಊರಿನ ಕಾರು ರಿಪೇರಿ ಮಾಡಿದವರನ್ನು ಈಗ ಸ್ವಂತ ಕಾರೇ ಹೊರಗೆ ಬಿಡುತ್ತಿರಲಿಲ್ಲ.

ಹತ್ತು ಜನ ಸೇರಿ ಹೊಡೆದರೆ ಹಾವು ಸಾಯುವುದಿಲ್ಲವಂತೆ. ಒಬ್ಬರು ಬ್ಯಾಟರಿ ಎಂದರು, ಇನ್ನೊಬ್ಬರು ಪ್ಲಗ್ಗು ಎಂದರು. ತನ್ನ ಜನ್ಮದಲ್ಲಿ ಸೈಕಲ್ಲನ್ನೂ ತುಳಿಯದ ಪಕ್ಕದ ಮನೆಯ ದರ್ಜಿ ಪೆಟ್ರೋಲಿಗೆ ನೀರು ಸೇರಿದೆ ಎಂದು ತೀರ್ಪು ಕೊಟ್ಟ. ಮೇಸ್ತ್ರಿಯ ತಮ್ಮ ಮಾತ್ರ ದನಿ ತಗ್ಗಿಸಿ, "ಊರಿನ ಕಾರೆಲ್ಲ ನೆಟ್ಟಗೆ ಮಾಡಿದ. ತನ್ನದೊಂದು ಆಗ್ಲಿಲ್ಲ ನೋಡಿ," ಎಂದ.

ಹೊಸ್ತಿಲಲ್ಲಿ ಕೂತಿದ್ದ ಮೇಸ್ತ್ರಿಯ ಹೆಂಡತಿಗೆ ಅದು ಕೇಳಿಸಿತು. ಅವಳು ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ಇಂಜಿನ್ನಿನ ಕರಿ ಮೆತ್ತಿತ್ತು. ಹಾಗಾದರೆ ನಿನ್ನೆ ಸಂಜೆಯೂ ತಾನು ಬಾನೆಟ್ಟು ಎತ್ತಿದ್ದೆನೆ? ಮಧ್ಯಾಹ್ನ ಗಂಡನ ಉಸಿರು ನಿಂತಿದೆ, ಸಂಜೆ ಮನೆ ತುಂಬ ಜನ. ಆ ಗಲಾಟೆಯಲ್ಲಿ ಅಂಗಳಕ್ಕೆ ಹೋದದ್ದು ಯಾವಾಗ? ಎಷ್ಟು ತಡಕಿದರೂ ನೆನಪಾಗಲಿಲ್ಲ. ಕೈ ಮಾತ್ರ ಹೌದು ಎನ್ನುತ್ತಿತ್ತು.

ಎದ್ದು ನಿಂತು ಒಂದು ಮಾತು ಹೇಳಿದರೆ ಕಾರು ಹೊರಡುತ್ತದೆ. ಆದರೆ ಆ ಮಾತು ಹೇಳಿದರೆ, ಅಷ್ಟು ದೊಡ್ಡ ಮೇಸ್ತ್ರಿಯನ್ನು ಅವರ ಹೆಂಡತಿಯೇ ದಿನವೂ ಮಂಗ ಮಾಡುತ್ತಿದ್ದಳು ಎಂದು ಹೆಣದ ಮುಂದೆಯೇ ಊರಿಗೆ ಗೊತ್ತಾಗುತ್ತದೆ. ಅವಳಿಗೆ ದಿಕ್ಕು ತೋಚಲಿಲ್ಲ.

*

ಮರೆವು ಮೊದಲು ಗ್ಯಾರೇಜಿನಲ್ಲೇ ಕಾಣಿಸಿಕೊಂಡಿತ್ತು. ಮೇಸ್ತ್ರಿ ಒಂದು ಕಾರಿಗೆ ಚಕ್ರ ಹಾಕಿ ನಟ್ಟು ಬಿಗಿಯುವುದನ್ನೇ ಮರೆತರು. ಜೊತೆಗಾರ ಗ್ರೀಸಣ್ಣ ನೋಡಿದ್ದರಿಂದ ಒಂದು ಜೀವ ಉಳಿಯಿತು. ಅವನು ಬಯ್ಯಲಿಲ್ಲ, ಸ್ವಲ್ಪ ದಿನ ಮನೆಯಲ್ಲಿ ಆರಾಮಾಗಿರು ಎಂದು ಕಳಿಸಿದ. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಮೇಸ್ತ್ರಿ ಕುರ್ಚಿಯಲ್ಲಿ ಕೂತು ತಮ್ಮ ಅಂಗೈಗಳನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು, ಯಾರದೋ ಸಾಮಾನು ತಮ್ಮ ಹತ್ತಿರ ಉಳಿದುಹೋಗಿದೆ ಎಂಬ ಹಾಗೆ.

ಒಂದು ಬೆಳಗ್ಗೆ ಅವರ ಕಾರೇ ಹೀಗೆ ಸ್ಟಾರ್ಟ್ ಆಗಿ ಆಗಿ ಆರಿಹೋಯಿತು. ಮೇಸ್ತ್ರಿ ಬಾನೆಟ್ಟು ಎತ್ತಿ ಕಿವಿಗೊಟ್ಟರು, ಪೈಪುಗಳನ್ನು ಒಂದೊಂದಾಗಿ ಸವರಿದರು.

"ಕಳ್ಳಗಾಳಿ ಕಣೇ," ಎಂದರು. "ಇಂಜಿನ್ನಿಗೆ ಗಾಳಿ ಬೇಕು, ಆದ್ರೆ ಮುಂಬಾಗಿಲಿಂದ ಬರಬೇಕು. ಸಂದೀಲಿ ನುಗ್ಗಿದ್ರೆ ಅದಕ್ಕೆ ಲೆಕ್ಕ ತಪ್ಪುತ್ತೆ. ಪಾಪ, ಕಕ್ಕಾಬಿಕ್ಕಿಯಾಗಿ ನಿಂತುಬಿಡುತ್ತೆ."

ಗಾಳಿಯ ಪೈಪಿನ ಕ್ಲಿಪ್ಪು ಬಿಗಿದರು. ಕಾರು ಹಾಡಿಕೊಂಡು ಓಡಿತು. ಆ ದಿನವೆಲ್ಲ ಅವರಿಗೆ ಎಲ್ಲರ ಗುರುತೂ ಸಿಕ್ಕಿತು. ಊಟಕ್ಕೆ ಕೂತಾಗ ಮಗಳ ಸುದ್ದಿ ಕೇಳಿದರು, ಹೆಂಡತಿಯ ಕಾಲೆಳೆದರು. ಮರುದಿನ ಮತ್ತೆ ಕೊರಡಿನಂತೆ ಕುರ್ಚಿಯಲ್ಲಿ ಕೂತರು. ಅವಳಿಗೆ ತಡೆಯಲಾಗಲಿಲ್ಲ. ಆ ಸಂಜೆ ಅವರು ಸ್ನಾನಕ್ಕೆ ಹೋದಾಗ ಸ್ಕ್ರೂಡ್ರೈವರ್ ಹಿಡಿದು ಅಂಗಳಕ್ಕೆ ಇಳಿದಳು.

ಆಮೇಲೆ ದಿನವೂ ಸಂಜೆ ಅವಳು ಕ್ಲಿಪ್ಪು ಸಡಿಲಿಸುವುದು, ಬೆಳಗ್ಗೆ ಅವರು ಕಂಡುಹಿಡಿಯುವುದು. ಪ್ರತಿ ಬೆಳಗ್ಗೆಯೂ ಅವರಿಗೆ ಅದು ಹೊಸ ರೋಗ. ಪ್ರತಿ ಬೆಳಗ್ಗೆಯೂ ಅವಳು ಪಕ್ಕದಲ್ಲಿ ನಿಂತು, ಅಬ್ಬಾ, ನಿಮಗೆ ಹೇಗ್ರೀ ಗೊತ್ತಾಯ್ತು ಎಂದು ಬೆರಗಾಗುತ್ತಿದ್ದಳು.

*

ಗ್ರೀಸಣ್ಣ ಬಂದವನು ನೇರ ಒಳಗೆ ಹೋಗಿ ಗೆಳೆಯನ ಮುಖ ನೋಡಿದ. ಹೊರಗೆ ಬಂದು ಮೂಗು ಒರೆಸಿಕೊಂಡು, ಎಲ್ಲರೂ ಸ್ವಲ್ಪ ದೂರ ನಿಲ್ಲಿ ಎಂದ. ಅಳಿಯನನ್ನು ಸೀಟಿನಿಂದ ಎಬ್ಬಿಸಿದ. ಬಾನೆಟ್ಟು ಎತ್ತಿ ಅದರ ಮರೆಯಿಂದ ಕರೆದ.

"ಅತ್ತಿಗೆ, ಒಂಚೂರು ಬನ್ನಿ. ಟಾರ್ಚ್ ಹಿಡೀರಿ."

ಹಗಲು ಹೊತ್ತಿನಲ್ಲಿ ಟಾರ್ಚೇಕೆ ಎಂದು ಮಗಳು ಹುಬ್ಬು ಗಂಟಿಕ್ಕಿದಳು. ತಾಯಿ ಹೊಸ್ತಿಲಿನಿಂದ ಎದ್ದು ಹೋದಳು.

ಗ್ರೀಸಣ್ಣ ಕ್ಲಿಪ್ಪಿನ ಮೇಲೆ ಬೆರಳಿಟ್ಟಿದ್ದ. "ನಿನ್ನೆ ಕೂಡ ಸಡಿಲಿಸಿದ್ರಾ?" ಎಂದ, ಅವಳಿಗೆ ಮಾತ್ರ ಕೇಳಿಸುವಷ್ಟು.

"ನಿಮಗೆ ಯಾರು ಹೇಳಿದ್ದು?"

"ಇನ್ಯಾರು ಹೇಳ್ತಾರೆ? ಅವನೇ. ಕ್ಲಿಪ್ಪಿಗೆ ಈ ರೆಕ್ಕೆ ನೋಡಿ ಅತ್ತಿಗೆ, ಇದು ಈ ಕಾರಿನದ್ದಲ್ಲ. ನನ್ನ ಹತ್ರ ಬಂದು ಇಸ್ಕೊಂಡು ಹೋದ. ಸ್ಕ್ರೂಡ್ರೈವರ್ ಜಾರಿ ಅವಳ ಅಂಗೈ ಕಿತ್ತಿದೆ ಕಣೋ, ಕೈಯಲ್ಲೇ ತಿರುಗೋ ಅಂಥದ್ದು ಕೊಡು ಅಂದ."

ಅಂಗೈಗೆ ಗಾಯವಾದಾಗ ಅವಳು ತರಕಾರಿ ಹೆಚ್ಚುವಾಗ ಚಾಕು ತಾಗಿತು ಎಂದಿದ್ದಳು. ರೆಕ್ಕೆಯ ಕ್ಲಿಪ್ಪು ಕಂಡಾಗ, ಪಾಪ, ಮರೆವಿನಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿದ್ದಾರೆ ಎಂದುಕೊಂಡಿದ್ದಳು.

"ಅಂದ್ರೆ ಅವರಿಗೆ ಗೊತ್ತಿತ್ತಾ?"

"ಒಂದೊಂದು ದಿನ ಗೊತ್ತಿರ್ತಿತ್ತು, ಒಂದೊಂದು ದಿನ ಇಲ್ಲ. ಗೊತ್ತಿದ್ದ ದಿನ ಬಂದು ಹೇಳ್ದ, ಅವಳಿಗೆ ತಿಳಿಸ್ಬೇಡ ಮಾರಾಯಾ, ನಾನು ರಿಪೇರಿ ಮಾಡಿದ್ರೆ ಅವಳೆಷ್ಟು ಖುಷಿ ಪಡ್ತಾಳೆ ಅಂತೀಯಾ, ಅಂತ."

"ಯಾವ ದಿನ ಗೊತ್ತಿತ್ತು? ಯಾವ ದಿನ ಇರ್ಲಿಲ್ಲ?"

"ಅದು ನನಗೇನು ಗೊತ್ತು ಅತ್ತಿಗೆ."

ಅವಳು ಒಂದೊಂದೇ ಬೆಳಗನ್ನು ನೆನಪಿನಲ್ಲಿ ಎತ್ತಿ ನೋಡಿದಳು. ಕಳ್ಳಗಾಳಿ ಕಣೇ ಎಂದು ನಕ್ಕ ಮುಖಗಳಲ್ಲಿ ನಿಜದ್ದು ಯಾವುದು, ತನಗಾಗಿ ನಕ್ಕದ್ದು ಯಾವುದು? ಎಲ್ಲವೂ ಒಂದೇ ಥರ ಇದ್ದವು. ಅಳು ಬಂತು, ಅದರ ಜೊತೆಗೇ ನಗುವೂ ಬಂತು. ನೋಡುತ್ತಿದ್ದವರು ಪಾಪ ಎಂದರು.

ಗ್ರೀಸಣ್ಣ ಕ್ಲಿಪ್ಪು ಬಿಗಿದ. ಕೇಳಿದವರಿಗೆ ಬ್ಯಾಟರಿ ತಂತಿ ಎಂದುಬಿಟ್ಟ. ಬಾನೆಟ್ಟು ತೆರೆದಿದ್ದ ಹಾಗೆಯೇ, ಕಿಟಕಿಯಿಂದ ಕತ್ತು ಚಾಚಿ ಕಾರನ್ನು ಬೀದಿಗೆ ತಂದು ಗೇಟಿನ ಪಕ್ಕ ನಿಲ್ಲಿಸಿದ. ಮತ್ತೆ ಕೈಕೊಟ್ಟೀತೆಂದು ಹೆದರಿ ಅಳಿಯ ಇಂಜಿನ್ ಆರಿಸಲು ಬಿಡಲಿಲ್ಲ. ಅವಳು ಕಾರಿನ ಪಕ್ಕದಲ್ಲಿ ನಿಂತಳು.

ನಾಲ್ವರು ಮೇಸ್ತ್ರಿಯನ್ನು ಹೊತ್ತುಕೊಂಡು ಅಂಗಳ ದಾಟಿ ಬಂದರು. ಮೇಸ್ತ್ರಿ ಕಾರಿನ ಮುಂದೆ ಬರುತ್ತಲೇ ಅವಳು ಬಾನೆಟ್ಟಿನ ಕೆಳಗೆ ಕೈ ಚಾಚಿ, ದಿನವೂ ಸಂಜೆ ಅವರಿಗಾಗಿ ಮಾಡುತ್ತಿದ್ದ ಹಾಗೆ, ನೋಡದೆಯೇ ರೆಕ್ಕೆಯನ್ನು ತಿರುಗಿಸಿ ಪೈಪು ಜಗ್ಗಿದಳು. ಇಂಜಿನ್ನು ಎರಡು ಸಲ ನಡುಗಿ ನಿಂತಿತು. ಆ ನಿಶ್ಶಬ್ದಕ್ಕೆ ಏನಾಯಿತೆಂದು ತಿಳಿಯದೆ, ಹೊತ್ತವರೂ ನಡು ಬೀದಿಯಲ್ಲಿ ನಿಂತರು.