ಖಾಲಿ ಪೈಪಿನ ತೂಕ

ಅಂಗೈಗೆ ಇನ್ನೂ ಹೊಸ ಪ್ಲಾಸ್ಟಿಕ್ಕಿನ ವಾಸನೆ, ಸೋಪು ಹಚ್ಚಿ ತೊಳೆದರೂ ಹೋಗಿಲ್ಲ, ಶಾಲೆ ಶುರುವಾಗುವ ವಾರ ಅಪ್ಪ ಕೊಡಿಸುತ್ತಿದ್ದ ರೇನ್‌ಕೋಟಿನ ವಾಸನೆ ಇದು, ಅಥವಾ ಅದಕ್ಕಿಂತ ಸ್ವಲ್ಪ ಸಿಹಿ, ಮೆತ್ತಗಾಗಲೆಂದು ಏನೋ ರಾಸಾಯನಿಕ ಬೆರೆಸುತ್ತಾರಲ್ಲ ಅದರದ್ದಿರಬೇಕು — ನಳದ ಹಿಡಿ ತಣ್ಣಗಿದೆ, ನನ್ನ ಕೈ ಅದರ ಮೇಲಿದೆ, ಇನ್ನೂ ತಿರುಗಿಸಿಲ್ಲ, ಮಾವನವರು ಬಿಡು ಅನ್ನಬೇಕು, ಅಂದಮೇಲೆ ಬಿಡಬೇಕು, ಬಂದ್ ಅಂದಮೇಲೆ ಬಂದ್ ಮಾಡಬೇಕು, ಮದುವೆಯಾಗಿ ನಾಚಾರಂನ ಈ ಮನೆಗೆ ಬಂದಾಗಿನಿಂದ ಬೆಳಗಿನ ಈ ಕೆಲಸ ನನ್ನದು, ಅತ್ತೆಯವರಿಂದ ನನಗೆ ಬಂದದ್ದು, ಅವರ ಬೆಳ್ಳಿಯ ಕುಂಕುಮದ ಭರಣಿ ಬಂದ ಹಾಗೆ. ಅಂಗಳದ ಆ ತುದಿಗೆ, ನಿಂಬೆಗಿಡದ ಹತ್ತಿರ, ಮಾವನವರು ಹೊಸ ಪೈಪಿನ ಬಾಯಿ ಹಿಡಿದುಕೊಂಡು ಸುರುಳಿ ಬಿಡಿಸುತ್ತಿದ್ದಾರೆ, ಬಿಡಿಸಿದಷ್ಟೂ ಅದು ಮತ್ತೆ ಸುತ್ತಿಕೊಳ್ಳುತ್ತದೆ, ಪ್ಲಾಸ್ಟಿಕ್ಕಿಗೆ ಸುತ್ತಿಟ್ಟ ಆಕಾರ ನೆನಪಿರುತ್ತದೆ, ಒಂದು ದಿನ ಬಿಸಿಲಿಗೆ ಹಾಕಿದರೆ ನೆಟ್ಟಗಾಗುತ್ತದೆ ಅಂತ ನಿನ್ನೆ ಹೇಳಬಹುದಿತ್ತು, ಹೇಳಲಿಲ್ಲ — ಹೂವಿನಂಗ ಅದ ನೋಡು ಮೃಣಾಲಿನಿ, ಅನ್ನುತ್ತಾರೆ, ಎತ್ತಿ ತೋರಿಸುತ್ತಾರೆ, ಬಾವು ಇಳಿಯದ ಆ ಮಣಿಕಟ್ಟಿನಿಂದಲೇ ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿಯೂ ತೋರಿಸುತ್ತಾರೆ, ಹಳೇದು ಹೆಬ್ಬಾವು ಇತ್ತು, ಇದು ಬರೇ ಹಾವಿನ ಪೊರಿ! — ಹೌದು ಮಾವನವರ, ಅನ್ನುತ್ತೇನೆ, ನನ್ನ ದನಿ ನನಗೇ ಬೇರೆ ಯಾರದೋ ಅನಿಸುತ್ತದೆ. ಪೊರೆ. ಸರಿಯಾಗಿಯೇ ಹೇಳಿದರು. ಅವರ ಕೈಯಲ್ಲಿರುವುದು ಪೊರೆಯ ತೂಕ, ಒಳಗೆ ಇನ್ನೂ ನೀರು ಬಂದಿಲ್ಲ.

ಅವತ್ತು ಲಿಂಗಣ್ಣನ ಮುಂದೆ ಅವರು ಆ ಮಾತು ಆಡಬಾರದಾಗಿತ್ತು, ಆಡದಿದ್ದರೆ ನಾನು ಪೈಪನ್ನು ಪೈಪಿನ ಹಾಗೆ ನೋಡುತ್ತಿದ್ದೆ. ಬೇಸಿಗೆಯಲ್ಲಿ ಲಿಂಗಣ್ಣ ಬಂದಿದ್ದ, ಬಿಲ್ಡರ್ ಕಡೆಯವನು, ರಾಯಚೂರಿನವನು, ಕನ್ನಡದವರ ಮನೆಯೆಂದು ಅವನನ್ನೇ ಕಳಿಸುತ್ತಾರೆ, ಗೇಟಿನಿಂದಲೇ ಶುರು ಮಾಡಿದ, ಅಜ್ಜಾರ, ನಿಮ್ಮ ಜಾಗಾದಾಗ ಐದು ಮಾಳಿಗಿ ಏಳ್ತಾವ್ರಿ, ಈಗ ಐಟಿ ಕಂಪನಿಗೋಳು ಬಂದು ಜಾಗಾದ ಬೆಲಿ ಹೆಂಗ ಹಾರ್ಲಿಕತ್ತೈತಿ ನೋಡ್ರಿ, ಮಗನ ಆಫೀಸಿನ ಬಾಜೂಕ ಗಚ್ಚಿಬೌಲ್ಯಾಗ ದೊಡ್ಡ ಫ್ಲಾಟ್ ತಗೊಂಡು ಆರಾಮ ಕುಂಡ್ರಿ, ಇಲ್ಲೇನೈತಿ, ಫ್ಯಾಕ್ಟರಿ ಹೊಗಿ ಕುಡ್ಕೋತ — ಮಾವನವರು ತಿರುಗಿ ಕೂಡ ನೋಡಲಿಲ್ಲ, ಹಳೆಯ ಕಪ್ಪು ರಬ್ಬರ್ ಪೈಪು ಹೆಗಲ ಮೇಲೆ ಹಾಕಿಕೊಂಡು ದಾಸವಾಳಕ್ಕೆ ನೀರು ಬಿಡುತ್ತಿದ್ದರು, ಈ ಕೈಲೆ ಪೈಪ್ ಹಿಡದು ಈ ಗಿಡಕ್ಕ ನೀರು ಬಿಡೂದು ಆಗೂತನಕ ಮಾತೇ ಇಲ್ಲ ಲಿಂಗಣ್ಣ, ಅಂದರು, ಆಗಲಾರದ ದಿನ ನಾನೇ ನಿನಗ ಫೋನ್ ಮಾಡ್ತೀನಿ. ಹಂಗಾರ ಇನ್ನ ಮ್ಯಾಲೆ ನಿಮ್ಮ ಪೈಪಿಗೇ ಕೈ ಮುಗಿತೀನ್ರಿ, ಅಂದ ಲಿಂಗಣ್ಣ, ಎಲ್ಲರೂ ನಕ್ಕೆವು, ನಳದ ಹತ್ತಿರ ನಿಂತಿದ್ದ ನಾನೂ ನಕ್ಕೆ. ನನ್ನ ಗಂಡ ನಿಶಾಂತ ಮಾತ್ರ ನಗಲಿಲ್ಲ, ಒಳಗೆ ಬಂದ ಮೇಲೆ ಅಂದರು, ಅಪ್ಪ ಅಂದ್ರ ಆತು, ಸಹಿ ಮಾಡಿದಂಗ ಅದು. ನಿಜ, ತಮ್ಮಪ್ಪನನ್ನು ಅವರು ಬಲ್ಲರು, ಲೆಕ್ಕಪತ್ರ ಇಲಾಖೆಯಲ್ಲಿ ತಲೆ ಬೆಳ್ಳಗಾಗಿಸಿಕೊಂಡ ಮನುಷ್ಯ, ಆಡಿದ್ದನ್ನು ಹೊಡೆದುಹಾಕಿ ಮೇಲೆ ಬೇರೆ ಬರೆಯುವವರಲ್ಲ. ಆಮೇಲೆ ಮಳೆಗಾಲ, ಚಿಕುನ್‌ಗುನ್ಯಾ, ಕಾಲೊನಿಗೆ ಕಾಲೊನಿಯೇ ಗೋಡೆ ಹಿಡಿದು ನಡೆಯಿತು, ಉಳಿದವರೆಲ್ಲ ಎದ್ದರು, ಮಾವನವರ ಮಣಿಕಟ್ಟು ಏಳಲಿಲ್ಲ, ಅನ್ನ ಕಲಸಿಕೊಳ್ಳಲಾಗದೆ ಚಮಚೆ ಕೇಳುತ್ತಿದ್ದರು, ಅಂಗಿಯ ಗುಂಡಿ ನಾನು ಹಾಕಬೇಕಾಯಿತು, ಆ ರಬ್ಬರ್ ಪೈಪಂತೂ ಬಿಡಿ, ಕುರ್ಚಿ ಹಾಕಿಕೊಂಡು ಕೂತು ನನ್ನ ಕೈಯಿಂದ ನೀರು ಬಿಡಿಸಿದರು, ದಾಸವಾಳಕ್ಕ ಸಾಕು, ಅದು ಆಶಾಬುರಕ, ಎಷ್ಟ ಕೊಟ್ರೂ ಕುಡೀತದ, ಕರಿಬೇವಿಗೆ ಇನ್ನ ಸ್ವಲ್ಪ — ನಾನು ಬಿಡುತ್ತಿದ್ದೆ, ಮನಸ್ಸು ಫೋನಿನ ಮೇಲೆ, ಇವತ್ತು ಕೇಳುತ್ತಾರೆ, ನಾಳೆ ಕೇಳುತ್ತಾರೆ, ಲಿಂಗಣ್ಣನ ನಂಬರ್ ಎಲ್ಲದ ಅಂತ, ಫೋನನ್ನು ದಿನಾ ಒರೆಸಿ ಇಡುತ್ತಿದ್ದೆ, ಧೂಳೇ ಇರಲಿಲ್ಲ, ಆದರೂ ಒರೆಸುತ್ತಿದ್ದೆ. ಆ ಫೋನಿನಲ್ಲಿಯೇ ವೇದವತಿ ಮಾತಾಡಿದ್ದು, ಗುಲ್ಬರ್ಗಾದಲ್ಲಿ ಎಂ.ಎಸ್ಸಿ.ಗೆ ಒಂದೇ ಬೆಂಚಿನವಳು, ಈಗ ಗಚ್ಚಿಬೌಲಿಯ ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತಾಳೆ, ಲ್ಯಾಬಿನಾಗ ಒಂದು ಜಾಗಾ ಅದ, ಆಪ್ಟಿಕ್ಸು, ನಿನ್ನ ಕೈ ನಡುಗಂಗಿಲ್ಲ ಅಂತ ನನಗ ಗೊತ್ತದ, ತಿಂಗಳ ಕೊನೀತನಕ ಕಾಯ್ತೀನಿ, ಆಮ್ಯಾಲೆ ನನ್ನ ಕೈಯಾಗಿಲ್ಲ ಮೃಣಾಲಿನಿ. ಕತ್ತಲೆ ಕೋಣೆ, ಒಂದು ಕೆಂಪು ಕಿರಣ, ಕನ್ನಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಗೋಡೆಯ ಮೇಲೆ ಪಟ್ಟೆಗಳು ಮೂಡುತ್ತವೆ, ಕಪ್ಪು ಕೆಂಪು ಕಪ್ಪು ಕೆಂಪು, ಇಷ್ಟು ವರ್ಷವಾದರೂ ಕಣ್ಣು ಮುಚ್ಚಿದರೆ ಇನ್ನೂ ಕಾಣುತ್ತವೆ. ಇಲ್ಲಿಂದ ಗಚ್ಚಿಬೌಲಿಗೆ ಸಿಕಂದರಾಬಾದಿನಲ್ಲಿ ಬಸ್ಸು ಬದಲಿಸಿ ಊರಿನ ಈ ತುದಿಯಿಂದ ಆ ತುದಿಗೆ, ಅರ್ಧ ದಿನ ಬಸ್ಸಿನಲ್ಲೇ, ನೀರು ದಿನ ಬಿಟ್ಟು ದಿನ ಬರುತ್ತದೆ, ಬೆಳಗ್ಗೆಯೋ ಮಧ್ಯಾಹ್ನವೋ ದೇವರಿಗೇ ಗೊತ್ತು, ಬಂದಾಗ ಮೋಟರ್ ಹಾಕಿ ಮೇಲಿನ ಟ್ಯಾಂಕ್ ತುಂಬಿಸಲು ಒಬ್ಬರು ಮನೆಯಲ್ಲಿರಬೇಕು, ಆ ಒಬ್ಬರು ನಾನು, ನಿಶಾಂತರ ಕ್ಯಾಬು ಬೆಳಕು ಹರಿಯುವ ಮುಂಚೆ ಬರುತ್ತದೆ, ಮಾವನವರನ್ನು ಒಬ್ಬರನ್ನೇ ಬಿಡುವುದು ಹೇಗೆ. ಕೇಳಿದ್ದೆ, ಕೇಳಲಿಲ್ಲ ಅಂತಲ್ಲ, ಮಾವನವರ, ವೇದವತಿ ಕರೀಲಿಕತ್ಯಾಳ — ಹೋಗು, ಯಾರ್ ಬ್ಯಾಡಂದಾರ, ನಾ ಏನ್ ಸಣ್ಣ ಹುಡುಗ ಏನು, ಅಂದರು, ಮನಸಾರೆ ಅಂದರು, ಅದೇ ಸಂಜೆ ತಾವೇ ಚಹಾ ಮಾಡಿಕೊಳ್ಳುತ್ತೇನೆಂದು ತೋರಿಸಲು ಹೋಗಿ ಹಾಲಿನ ಪಾತ್ರೆ ಕೈಬಿಟ್ಟರು, ನಾನು ಓಡಿ ಬರುವಷ್ಟರಲ್ಲಿ ಮೊಣಕಾಲೂರಿ ತಮ್ಮ ಟವೆಲ್ಲಿನಿಂದ ನೆಲ ಒರೆಸುತ್ತಿದ್ದರು, ಏನೂ ಆಗಿಲ್ಲ, ಏನೂ ಆಗಿಲ್ಲ, ನೀ ಹೋಗು. ಬೈದಿದ್ದರೆ ಹೋಗುತ್ತಿದ್ದೆ. ಈ ಮನೆಯಲ್ಲಿ ನನ್ನನ್ನು ಯಾರೂ ಬೈಯುವುದಿಲ್ಲ, ಗೇಟು ಹಗಲೆಲ್ಲ ತೆರೆದೇ ಇರುತ್ತದೆ, ಹೊರಗೆ ಕಾಲಿಡಲು ಮಾತ್ರ ಆಗುವುದಿಲ್ಲ. ಗಚ್ಚಿಬೌಲಿಯ ಫ್ಲಾಟಾದರೆ ನಳದಲ್ಲಿ ಸದಾ ನೀರು, ಮಧ್ಯಾಹ್ನ ನಡೆದು ಬಂದು ಅವರಿಗೆ ಬಡಿಸಿ ಮತ್ತೆ ನಡೆದು ಹೋಗಬಹುದು, ಅವರಿಗೂ ಒಳ್ಳೆಯದೇ, ಅವರಿಗೂ ಒಳ್ಳೆಯದೇ ಅಂತ ಎಷ್ಟು ಸಲ ಅಂದುಕೊಂಡಿದ್ದೇನೆ.

ಆದರೆ ಅವರು ಫೋನ್ ಕೇಳಲಿಲ್ಲ, ಚಹಾ ಕುಡಿಯುತ್ತ ಒಂದು ದಿನ ಕೇಳಿದ್ದು ಬೇರೆ, ಹಗುರ ಪೈಪ್ ಬರ್ತಾವಂತಲ್ಲ ಈಗ, ಒಂದು ತಗೊಂಡು ಬಾ, ಅಂಗಡ್ಯಾವರ ಮಾತು ಕೇಳಬ್ಯಾಡ, ನೀ ಫಿಸಿಕ್ಸ್ ಓದಿದಾಕಿ, ನೀ ಆರಿಸಿದ್ದಂದ್ರ ಕಣ್ಣು ಮುಚ್ಚಿ ಹಿಡೀತೀನಿ. ಬೂಟಿನ ಲೇಸು ಕಟ್ಟುತ್ತಿದ್ದ ನಿಶಾಂತ, ಯಾವುದಾರ ಒಂದು ತಾ, ಪೈಪ್ ಅದು, ಅದರ ಮ್ಯಾಲೆ ಪಿಎಚ್.ಡಿ. ಮಾಡಬ್ಯಾಡ, ಅಂದು ಹೊರಟುಹೋದರು. ಸಿಕಂದರಾಬಾದಿನ ಅಂಗಡಿ, ಛತ್ತಿನಿಂದ ತೂಗುಬಿಟ್ಟ ಸುರುಳಿಗಳು, ಹಸಿರು ಹಳದಿ ನೀಲಿ, ಇದೇ ವಾಸನೆ, ಸೇಠ್ ನನ್ನ ಒಂದೊಂದು ಕೈಗೆ ಒಂದೊಂದು ಸುರುಳಿ ಏರಿಸಿದ, ಬಲಗೈಯದು ನೀಲಿ, ಮುಕ್ಕಾಲು ಇಂಚಿನದು, ತೆಳ್ಳನೆಯ ಗೋಡೆ, ಹಿಡಿದದ್ದೇ ಗೊತ್ತಾಗದು, ಎಡಗೈಯದು ಹಸಿರು, ಅರ್ಧ ಇಂಚಿನದು, ದಪ್ಪ ಗೋಡೆ, ಒಳಗೆ ದಾರದ ಹೆಣಿಗೆ, ಕೈಗೆ ಜಗ್ಗುತ್ತಿತ್ತು. ಲೇಕೇ ದೇಖೋ ಅಮ್ಮಾ, ಫೂಲ್ ಹೈ ಫೂಲ್, ನೀಲಿಯದನ್ನು ತಟ್ಟಿದ, ಘರ್ ಕೇ ಬುಜುರ್ಗ್ ಏಕ್ ಉಂಗ್ಲೀ ಪೇ ಉಠಾ ಲೇಂಗೇ, ಹೂವಂತೆ, ಮನೆಯ ಹಿರಿಯರು ಒಂದೇ ಬೆರಳಿನಲ್ಲಿ ಎತ್ತುತ್ತಾರಂತೆ. ಅಂಗಡಿಯಲ್ಲಿ ಎಲ್ಲ ಪೈಪೂ ಖಾಲಿ ಇರುತ್ತವೆ, ಜನ ಖಾಲಿಯದನ್ನು ಎತ್ತಿ ನೋಡಿ ಹಗುರ ಅನ್ನುತ್ತಾರೆ, ಮನೆಯಲ್ಲಿ ಎತ್ತುವುದು ಪೈಪನ್ನಲ್ಲ, ನೀರನ್ನು. ಅಗಲ ಒಂದೂವರೆ ಪಟ್ಟಾದರೆ ಒಳಗಿನ ನೀರು ಎರಡೂಕಾಲು ಪಟ್ಟು, ಇದಕ್ಕೆ ಎಂ.ಎಸ್ಸಿ. ಬೇಕಿಲ್ಲ, ಹೈಸ್ಕೂಲಿನ ಲೆಕ್ಕ, ಆಮೇಲೆ ನಮ್ಮ ಟ್ಯಾಂಕಿನ ನೀರಿಗೆ ರಭಸವಿಲ್ಲ, ಬರುವ ಅಷ್ಟೇ ನೀರು ಅಗಲದ ಬಾಯಿಂದ ಬಂದರೆ ನಿಧಾನವಾಗಿ ಬರುತ್ತದೆ, ಚಿಮ್ಮುವುದಿಲ್ಲ, ಚಿಮ್ಮಿಸಲು ಬಾಯಿಗೆ ಹೆಬ್ಬೆರಳು ಒತ್ತಬೇಕು, ಅಷ್ಟು ಅಗಲದ ಬಾಯಿ ಅವರ ಹೆಬ್ಬೆರಳಿಗೆ ಮುಚ್ಚುವುದಿಲ್ಲ. ಸೇಠ್ ಬಾಯಿಯ ಪಾನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸುವಷ್ಟರಲ್ಲಿ ಇದೆಲ್ಲ ನನ್ನ ತಲೆಯಲ್ಲಿ ಮುಗಿದಿತ್ತು. ಸರಿಯಾದ ಪೈಪು ನನ್ನ ಎಡಗೈಯಲ್ಲಿತ್ತು. ತುಂಬಿದಾಗ ಅದೇ ಹಗುರ, ಅದನ್ನು ತಂದರೆ ಮಾವನವರು ನಿಂತು ನೀರು ಬಿಡುತ್ತಾರೆ, ಗಿಡ ಚಿಗುರುತ್ತವೆ, ಆಡಿದ ಮಾತು ಉಳಿಯುತ್ತದೆ, ಲಿಂಗಣ್ಣನಿಗೆ ಫೋನ್ ಹೋಗುವುದಿಲ್ಲ, ತಿಂಗಳು ಮುಗಿಯುತ್ತದೆ, ವೇದವತಿ ಬೇರೆ ಯಾರನ್ನೋ ಕರೆಯುತ್ತಾಳೆ, ಕಪ್ಪು ಕೆಂಪು ಕಪ್ಪು ಕೆಂಪು ಇನ್ಯಾರದೋ ಗೋಡೆಯ ಮೇಲೆ. ಹಸಿರನ್ನು ಕೆಳಗಿಟ್ಟೆ. ಸುಳ್ಳು ಹೇಳುತ್ತಿಲ್ಲ, ಹಗುರದ್ದು ಕೇಳಿದರು, ಹಗುರದ್ದು ಒಯ್ಯುತ್ತಿದ್ದೇನೆ, ಬೇಕಾದರೆ ತಕ್ಕಡಿಗೆ ಹಾಕಿ ನೋಡಲಿ, ತಕ್ಕಡಿ ನನ್ನ ಪರವಾಗಿಯೇ ಹೇಳುತ್ತದೆ — ನೀಲಾ ವಾಲಾ, ಅಂದೆ, ಅಚ್ಛಾ ಪಸಂದ್ ಹೈ ಅಮ್ಮಾ, ಅಂದ, ಒಳ್ಳೆಯ ಆಯ್ಕೆಯಂತೆ. ಬಸ್ಸಿನಲ್ಲಿ ಸುರುಳಿ ತೊಡೆಯ ಮೇಲೆ, ಪಕ್ಕದ ಹೆಂಗಸು ಮುಟ್ಟಿ ನೋಡಿ ಎಂಥಾ ಹಗುರ ಅಂತ ತೆಲುಗಿನಲ್ಲಿ ಮೆಚ್ಚಿದಳು, ಹೌದು ಅಂದೆ, ಕಿಟಕಿಯ ಕಡೆ ತಿರುಗಿದೆ.

ಬಿಡು ಮೃಣಾಲಿನಿ — ಕರೆದರು, ಸುರುಳಿ ಬಿಡಿಸಿ ಮುಗಿಯಿತು, ಧೋತರ ಎತ್ತಿ ಕಟ್ಟಿ ನೆಟ್ಟಗೆ ನಿಂತಿದ್ದಾರೆ, ಇನ್ನೂ ಹೊತ್ತು ಮೀರಿಲ್ಲ, ಮಾವನವರ, ತಪ್ಪು ತಂದೀನಿ, ಬದಲಿಸಿಕೊಂಡು ಬರ್ತೀನಿ, ಇಷ್ಟು ಅಂದರೆ ಸಾಕು, ಸೇಠ್ ಬದಲಿಸಿ ಕೊಡುತ್ತಾನೆ — ಬಿಡವಾ, ಏನ್ ನಿಂತಿ, ಮತ್ತೆ ಕರೆದರು — ಕೈ ತಿರುಗಿಸಿತು, ನಾನು ತಿರುಗಿಸಿದೆ, ನೀರು ಹೊರಟಿತು. ಪೈಪು ಒಮ್ಮೆ ಮಗ್ಗುಲಾಯಿತು, ಗಾಳಿ ಕೆಮ್ಮಿತು, ಚಪ್ಪಟೆಯಾಗಿದ್ದದ್ದು ಇಲ್ಲಿಂದ ದುಂಡಗಾಗುತ್ತ ಹೋಗುತ್ತಿದೆ, ತುಳಸಿಕಟ್ಟೆ ದಾಟಿತು, ಕರಿಬೇವು ದಾಟಿತು, ತೂಕ ನೆಲದ ಮೇಲೆ ಅವರ ಕಡೆಗೆ ನಡೆದುಕೊಂಡು ಹೋಗುವುದು ಕಣ್ಣಿಗೇ ಕಾಣುತ್ತದೆ, ಈಗ ದಾಸವಾಳ, ಈಗ — ಅವರ ತೋಳು ಇಳಿಯಿತು, ಹೇಳದೆ ಕೇಳದೆ ಯಾರೋ ಕೈಗೆ ಮೂಟೆ ಕೊಟ್ಟ ಹಾಗೆ, ಇನ್ನೊಂದು ಕೈಯನ್ನೂ ತಂದರು, ಎರಡೂ ಕೈಯಿಂದ ಎತ್ತಿ ಹಿಡಿದರು, ನೀರು ದಪ್ಪಗೆ ಸೋಮಾರಿಯಾಗಿ ಬಂತು, ಬಾಯಿ ಬಿಟ್ಟ ತಕ್ಷಣವೇ ಬಾಗಿತು, ಬಿದ್ದದ್ದು ಅವರ ಪಾದದ ಮೇಲೆ. ನಿಂಬೆಗಿಡ ಅಲ್ಲೇ ಇದೆ, ಮುಟ್ಟುತ್ತಿಲ್ಲ. ಹೆಬ್ಬೆರಳು ಒತ್ತಿದರು, ಮುಚ್ಚಲಿಲ್ಲ, ನನಗೆ ಗೊತ್ತಿತ್ತು ಮುಚ್ಚುವುದಿಲ್ಲ ಅಂತ, ಒಂದು ಹೆಜ್ಜೆ ಮುಂದೆ ಹೋಗಲು ಎಳೆದರು, ಪೈಪು ಬರಲಿಲ್ಲ, ನೀರು ತುಂಬಿದ ಅಷ್ಟೂ ಉದ್ದ ನೆಲ ಹಿಡಿದು ಮಲಗಿದೆ, ಅವರ ಕುತ್ತಿಗೆಯ ನರ ಇಲ್ಲಿಂದ ಕಾಣುತ್ತದೆ. ಈಗ ಅನ್ನುತ್ತಾರೆ, ಆಗಂಗಿಲ್ಲ ಅನ್ನುತ್ತಾರೆ, ಅನ್ನಲಿ, ಅಂದುಬಿಡಲಿ, ನಾನೇ ಓಡಿಹೋಗಿ ಹಿಡಿದುಕೊಳ್ಳುತ್ತೇನೆ, ಒರೆಸುತ್ತೇನೆ, ಕುರ್ಚಿ ಹಾಕುತ್ತೇನೆ, ಹೊಸ ಮನೆಯ ಬಾಲ್ಕನಿಯಲ್ಲಿ ಕುಂಡ ಇಟ್ಟುಕೊಡುತ್ತೇನೆ, ಚಿಕ್ಕ ಚಿಕ್ಕ ಕುಂಡ, ಲೋಟದಿಂದ ಹಾಕಬಹುದಾದಂಥವು, ಅನ್ನಿ ಮಾವನವರ, ಒಂದು ಸಲ — ಅವರು ನಿಂಬೆಗಿಡ ನೋಡುತ್ತಿಲ್ಲ, ನನ್ನನ್ನು ನೋಡುತ್ತಿದ್ದಾರೆ, ನಕ್ಕರು. ಭಾಳ ಹಗುರ ಅದ ಮೃಣಾಲಿನಿ, ಅಂದರು, ದನಿ ಗಟ್ಟಿಯಾಗಿತ್ತು, ಉಸಿರು ಮಾತ್ರ ನಡುವೆ ಒಮ್ಮೆ ತುಂಡಾಯಿತು, ನೀ ಆರಿಸಿದ್ದಂದ್ರ ಆರಿಸಿದ್ದು, ಇನ್ನ ಹತ್ತು ವರ್ಷ ಚಿಂತಿಲ್ಲ. ಹತ್ತು ವರ್ಷ. ಗೊತ್ತಾಗಿದೆಯೇ ಅವರಿಗೆ, ಗೊತ್ತಾಗಿ ನನ್ನ ಮಾನ ಉಳಿಸುತ್ತಿದ್ದಾರೆಯೇ, ಗೊತ್ತಾಗದೆ ಮನೆಯನ್ನು ಉಳಿಸಿಕೊಳ್ಳುತ್ತಿದ್ದಾರೆಯೇ, ಯಾವುದಾದರೇನು, ನಾಳೆಯೂ ಅಲ್ಲಿ ನಿಲ್ಲುತ್ತಾರೆ, ನಾಡಿದ್ದೂ ನಿಲ್ಲುತ್ತಾರೆ, ನಾನು ಇಲ್ಲಿ. ಅಗಲ ಲೆಕ್ಕ ಹಾಕಿದ್ದೆ, ವೇಗ ಹಾಕಿದ್ದೆ, ಹೆಬ್ಬೆರಳನ್ನೂ ಬಿಡಲಿಲ್ಲ, ಈ ಒಂದು ಮಾತು ನನ್ನ ಲೆಕ್ಕದಲ್ಲಿ ಇರಲಿಲ್ಲ. ಬಂದ್ ಅಂದಿಲ್ಲ ಇನ್ನೂ, ಅನ್ನದೆ ನಾನು ಬಂದ್ ಮಾಡುವ ಹಾಗಿಲ್ಲ, ಮಾಡಿದರೆ ಯಾಕ ಅನ್ನುತ್ತಾರೆ, ಯಾಕೆ ಅನ್ನುವುದಕ್ಕೆ ನನ್ನಲ್ಲಿರುವ ಉತ್ತರ ಒಂದೇ, ಕೈ ಹಿಡಿಯ ಮೇಲಿದೆ, ಬೆರಳು ಬಿಗಿದುಕೊಂಡಿವೆ, ತಿರುಗುವುದಿಲ್ಲ, ಬಿಡುವುದೂ ಇಲ್ಲ, ಅವರ ಬರಿಗಾಲು, ಮಣ್ಣು ತೊಳೆದುಹೋಗಿ ಬೆಳ್ಳಗಾಗುತ್ತಿರುವ ಪಾದ, ಅದರ ಮೇಲೆ ನೀರು, ಅವರು ಸರಿಸುತ್ತಿಲ್ಲ, ಸರಿಸಿದರೆ ನೀರು ಗಿಡ ಮುಟ್ಟಿಲ್ಲ ಅಂತ ಒಪ್ಪಿಕೊಂಡಂತಾಗುತ್ತದೆ, ನಗುತ್ತಲೇ ಇದ್ದಾರೆ, ಪಾದದ ಮೇಲೆ ನೀರು, ಸರಿಸುತ್ತಿಲ್ಲ, ಪಾದದ ಮೇಲೆ, ನೀರು —