ಗೋಡೆಯ ಬುಡದಲ್ಲಿ ನೀವೇ ನಿಲ್ಲಿ, ಸಾರ್

ಇಂಜಿನಿಯರ್ ಸೊಲಾರಿ ಹದಿನೆಂಟು ವರ್ಷಗಳ ಬಳಿಕ ನನ್ನ ಕೈಗೆ ಸಿಕ್ಕ. ಪೆರುವಿನ ಲಿಮಾ ನಗರದ ಸುರ್ಕಿಯೊ ಬಡಾವಣೆಯಲ್ಲಿ ಎದ್ದೇಳಬೇಕಿದ್ದ ಒಂಬತ್ತು ಮಹಡಿಯ ಕಟ್ಟಡಕ್ಕೆ ಅವನು ಹೊಸ ಇಂಜಿನಿಯರ್, ನಾನು ಮೇಸ್ತ್ರಿ. ಅವನಿಗೆ ನನ್ನ ಗುರುತು ಹತ್ತಲಿಲ್ಲ. ಸಿಮೆಂಟು ಮೆತ್ತಿದ ಮುಖಗಳನ್ನು ಆ ಮಹಾರಾಯ ಯಾವತ್ತು ನೋಡಿದ್ದ?

ನೆರೆಮನೆಯ ತಳಪಾಯಕ್ಕಿಂತ ಆಳಕ್ಕೆ ಇಳಿಯುವಾಗ ಒಂದು ತುಂಡು ಅಗೆದು, ಪಕ್ಕದ್ದನ್ನು ಹಾಗೇ ಬಿಡಬೇಕು. ಅಗೆದದ್ದಕ್ಕೆ ಕಾಂಕ್ರೀಟು ತುಂಬಿ, ಅದು ಗಟ್ಟಿಯಾದ ಮೇಲೆಯೇ ಬಿಟ್ಟದ್ದಕ್ಕೆ ಕೈ ಹಾಕಬೇಕು. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಸೊಲಾರಿಗೆ ಹದಿನೆಂಟು ವರ್ಷದ ಹಿಂದೆಯೂ ಅವಸರ. ಇಡೀ ಸಾಲನ್ನು ಒಟ್ಟಿಗೇ ಅಗೆಸಿದ. ನೆರೆಮನೆಯ ಗೋಡೆ, ಕೆಳಗೆ ಕೆಲಸದಲ್ಲಿದ್ದ ನನ್ನ ಅಣ್ಣ ಫೌಸ್ತಿನೊನ ಮೇಲೆ ಕುಸಿದು ಅವನು ಸತ್ತ. ವಿಚಾರಣೆಯಲ್ಲಿ ಸೊಲಾರಿ, ಅಗೆದ ರೀತಿ ಸರಿಯಾಗಿಯೇ ಇತ್ತು, ಕುಡಿದು ಬಂದ ಕೆಲಸಗಾರ ಆಸರೆಯ ಮರ ಕಿತ್ತ ಎಂದು ಬರೆಸಿದ. ಅಣ್ಣ ಒಂದು ಹನಿ ಮುಟ್ಟಿದವನಲ್ಲ. ಅತ್ತಿಗೆ ಇವತ್ತಿಗೂ ಕೇರಿಯಲ್ಲಿ ಕುಡುಕನ ಹೆಂಡತಿ. ಆ ಸುಳ್ಳನ್ನು ಅವನ ಬಾಯಿಂದಲೇ ಕಕ್ಕಿಸಬೇಕೆಂದು ನಾನು ಹಲ್ಲು ಕಚ್ಚಿಕೊಂಡು ಬದುಕಿದ್ದೆ.

ಹೊಸ ಯೋಜನೆಯಲ್ಲೂ ಅದೇ ಚಾಳಿ: ಅಗೆಯುವ ಯಂತ್ರ ಇಳಿಸಿ ಇಡೀ ಸಾಲು ಒಂದೇ ದಿನದಲ್ಲಿ. ನಾನು ಆಗಲಿ ಎಂದೆ.

ನಮ್ಮಲ್ಲಿ ದಿನಾ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಐದು ನಿಮಿಷ ಎಲ್ಲರೂ ಸುತ್ತ ನಿಂತು ಅಪಾಯದ ಮಾತಾಡುತ್ತೇವೆ. ಆಡಿದ್ದನ್ನು ಮೇಸ್ತ್ರಿ ಬರೆಯುತ್ತಾನೆ, ಎಲ್ಲರೂ ಸಹಿ ಹಾಕುತ್ತಾರೆ. ಇಂಜಿನಿಯರ್ ಸಹಿ ಬೀಳದೆ ಯಂತ್ರ ಅಲ್ಲಾಡುವುದಿಲ್ಲ.

ಸೋಮವಾರ ನಲವತ್ತು ಜನರ ಮುಂದೆ ವಿನಯದಿಂದಲೇ ಕೇಳಿದೆ. "ಸಾರ್, ಯಂತ್ರ ಅಗೀತಾ ಇರೋವಾಗ ಗೋಡೆ ಬುಡದಲ್ಲಿ ನೀವೇ ನಿಲ್ಲಿ. ನಮ್ಮೋರಿಗೂ ಧೈರ್ಯ ಬರುತ್ತೆ."

ಅವನು ನಕ್ಕ. ಬೇರೆ ಯಾರೂ ನಗಲಿಲ್ಲ. ಕೊನೆಗೆ ರೇಗಿದ. "ತಲೆ ಕೆಟ್ಟಿದೆಯೇನಯ್ಯಾ? ಒಟ್ಟಿಗೇ ಅಗೆದಾಗ ಅಲ್ಲಿ ನಿಂತ್ರೆ, ಗೋಡೆ ಬಿದ್ದು ಸಾಯಲ್ವಾ?"

"ಕುಡೀದೇ ಇದ್ರೂನಾ, ಸಾರ್?"

"ಕುಡಿಯೋದಕ್ಕೂ ಗೋಡೆ ಬೀಳೋದಕ್ಕೂ ಏನಯ್ಯಾ ಸಂಬಂಧ?"

ಒಂದಕ್ಷರ ಬಿಡದೆ ಬರೆದುಕೊಂಡೆ. ನಲವತ್ತು ಸಹಿ ಬಿದ್ದವು. ಹಾಳೆ ಅವನ ಕೈಗೆ ಹೋದಾಗ ಮೊದಲ ಸಹಿಯಲ್ಲಿ ನನ್ನ ಮನೆತನದ ಹೆಸರು ಓದಿದ. ಯೌರಿ. ಮುಖ ಬಿಳಿಚಿಕೊಂಡಿತು.

"ಫೌಸ್ತಿನೊ ಯೌರಿ ತಮ್ಮ ನಾನು," ಎಂದೆ.

ಅವನು ನನ್ನನ್ನು ಪಕ್ಕಕ್ಕೆ ಕರೆದು, ಒಂದು ಬಿಟ್ಟು ಒಂದು ಅಗೆಯೋಣ, ಎಷ್ಟು ವಾರ ಹಿಡಿದರೂ ಸರಿ, ಈ ಹಾಳೆ ಮಾತ್ರ ಹರಿದುಬಿಡು ಎಂದು ಗೋಗರೆದ.

"ಹಾಗೇ ಅಗೆಯೋಣ ಸಾರ್. ಮೊದ್ಲು ಸಹಿ ಹಾಕಿ, ಇಲ್ದಿದ್ರೆ ಕೆಲಸ ಶುರುವಾಗಲ್ಲ."

ಹಾಕಿದ. ಅದನ್ನು ಕಣ್ತುಂಬ ನೋಡಿ, ಅತ್ತಿಗೆಯ ಕೇರಿಯಲ್ಲಿ ಎಲ್ಲರೆದುರು ಓದಲೆಂದು ಹಾಳೆ ಮಡಚಿ ಜೇಬಿಗಿಟ್ಟೆ.